ಸ್ಕೋರ್ ಟೇಬಲ್ಲಿನಲ್ಲಿ ಒಂದು ಶನಿವಾರ

"ಅಮ್ಮಾ, ಶನಿವಾರ ಸ್ವಲ್ಪ ಬೇಗ ಬರ್ತೀಯಾ? ಟೇಬಲ್ಲಿಗೆ ಜನ ಸಾಲದು" ಎಂದು ಮಗ ಫೋನು ಮಾಡಿದ. ಅವನು ಓದುವುದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಲ್ಯಾಕ್ರೋಸ್, ಅಂದರೆ ಜಾಲಿ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಗೋಲು ಹೊಡೆಯುವ ಆಟದ ಕ್ಲಬ್ಬಿನಲ್ಲಿ ಡಿಫೆನ್ಸ್ ಆಡುತ್ತಾನೆ. ಆ ವಾರ ಚಿಕೋ ಸ್ಟೇಟ್ ತಂಡ ಅವರೂರಿಗೆ ಬರುವುದಿತ್ತು.

ಇವರ ಲೀಗಿನ ಹೆಸರು ವೆಸ್ಟರ್ನ್ ಕಾಲೇಜಿಯೇಟ್ ಲ್ಯಾಕ್ರೋಸ್ ಲೀಗ್. ಬರ್ಕ್ಲಿ, ಸ್ಟ್ಯಾನ್‌ಫರ್ಡ್, ಸಾಂತಾ ಕ್ಲಾರಾ, ಚಿಕೋ, ಬೆಟ್ಟದಾಚೆಯ ರೀನೋ, ಹೀಗೆ ಹಲವು ಊರುಗಳ ಕಾಲೇಜು ತಂಡಗಳು ಇದರಲ್ಲಿ ಆಡುತ್ತಾ ಬಂದಿವೆ. ವಿದ್ಯಾರ್ಥಿವೇತನ ಕೊಟ್ಟು ಆಟಗಾರರನ್ನು ಕರೆತರುವ ತಂಡಗಳಲ್ಲ ಇವು. ಡೇವಿಸ್‌ನಲ್ಲೇ ಹೆಣ್ಣುಮಕ್ಕಳ ಲ್ಯಾಕ್ರೋಸ್ ತಂಡ ಅಮೆರಿಕದ ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆಯಾದ ಎನ್‌ಸಿಎಎ ಮೊದಲ ಡಿವಿಷನ್ನಿನದು, ಗಂಡುಮಕ್ಕಳದು ಕ್ಲಬ್. ಅಂದರೆ ಹುಡುಗರೇ ವರ್ಷದ ವಂತಿಗೆ ಕಟ್ಟಬೇಕು, ಮೈದಾನ ಕಾದಿರಿಸಬೇಕು, ರೆಫರಿಗಳಿಗೆ ದುಡ್ಡು ಹೊಂದಿಸಬೇಕು, ದೂರದ ಊರಿಗೆ ವ್ಯಾನು ಗೊತ್ತುಮಾಡಬೇಕು. ಇಂಥ ಪ್ರಾಂತೀಯ ಲೀಗುಗಳೆಲ್ಲ ಸೇರಿ ಎಂಸಿಎಲ್‌ಎ ಎಂಬ ರಾಷ್ಟ್ರೀಯ ಸಂಸ್ಥೆಯಾಗಿದೆ. ಲೀಗಿನಲ್ಲಿ ಗೆದ್ದವರಿಗೆ ಮೇ ತಿಂಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುವ ಆಸೆ.

ಮೈಸೂರಿನಲ್ಲಿ ನಾನು ಅಂತರ್ ಕಾಲೇಜು ಖೊಖೊ ಆಡುತ್ತಿದ್ದ ಕಾಲದಲ್ಲಿ ಇದೆಲ್ಲ ನಮ್ಮ ಫಿಸಿಕಲ್ ಡೈರೆಕ್ಟರ್ ಮೇಡಂ ಪಾಲಿನ ಕೆಲಸ. ಫಾರಂ ತುಂಬುವವರು ಅವರು, ಬಸ್ ಚಾರ್ಜು ಎಣಿಸಿ ಕೊಡುವವರೂ ಅವರೇ. ನಾವು ಆಡಿ ಬಂದರೆ ಮುಗಿಯಿತು. ಹಾಗಾಗಿ ಡೇವಿಸ್‌ನ ಮೈದಾನಕ್ಕೆ ಕಾಲಿಟ್ಟಾಗ ಕಂಡ ದೃಶ್ಯಕ್ಕೆ ನಾನು ಸಿದ್ಧಳಿರಲಿಲ್ಲ. ತಂಡದ ಅಧ್ಯಕ್ಷ, ಎಂಜಿನಿಯರಿಂಗ್ ಓದುವ ಹುಡುಗ, ಆಗಲೇ ಪ್ಯಾಡು ಕಟ್ಟಿಕೊಂಡಿದ್ದ. ಅದೇ ವೇಷದಲ್ಲಿ ಮಂಡಿಯೂರಿ ಗೋಲಿಗೆ ಬಲೆ ಬಿಗಿಯುತ್ತಿದ್ದ. ನಡುನಡುವೆ ಫೋನಿನಲ್ಲಿ ರೆಫರಿಗೆ ಕಾರು ನಿಲ್ಲಿಸುವ ಜಾಗ ಹೇಳುತ್ತಿದ್ದ. ನಮ್ಮನ್ನು ಕಂಡವನೇ ಎದ್ದು ಬಂದು ಕೈಕುಲುಕಿದ. ನನಗೆ ಸ್ಕೋರ್ ಪುಸ್ತಕ ಕೊಟ್ಟ, ನನ್ನ ಯಜಮಾನರಿಗೆ ಗಡಿಯಾರದ ಉಸ್ತುವಾರಿ ವಹಿಸಿದ.

ಆ ಟೇಬಲ್ಲು ಇರುವುದು ಮೈದಾನದ ಅಂಚಿನಲ್ಲಿ, ನಡುಗೆರೆಯ ನೇರಕ್ಕೆ, ಎರಡು ತಂಡಗಳ ಮಧ್ಯೆ. ಆಟ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಈಗಲೂ ಹೇಳುತ್ತೇನೆ. ಒಂದೊಂದು ತಂಡಕ್ಕೆ ಹತ್ತು ಜನ, ಹದಿನೈದು ನಿಮಿಷದ ನಾಲ್ಕು ಭಾಗ. ಚೆಂಡು ಗಟ್ಟಿ ರಬ್ಬರಿನದು, ಕ್ರಿಕೆಟ್ ಚೆಂಡಿಗಿಂತ ತುಸು ಚಿಕ್ಕದು, ತುಸು ಹಗುರ. ಅದನ್ನು ಕೋಲಿನ ತುದಿಯ ಜಾಲಿಯಲ್ಲಿ ಹಿಡಿದು ಓಡಬೇಕು. ಡಿಫೆನ್ಸಿನವರ ಕೋಲು ಆರು ಅಡಿಯವರೆಗೂ ಇರಬಹುದು.

ಗೋಲು ಬರೆದುಕೊಳ್ಳುವುದು ಸುಲಭ. ನನಗೆ ಪ್ರೀತಿ ಹುಟ್ಟಿದ್ದು ಗ್ರೌಂಡ್ ಬಾಲ್ ಎಂಬ ಕಾಲಮ್ಮಿನ ಮೇಲೆ. ನೆಲಕ್ಕೆ ಬಿದ್ದ ಚೆಂಡಿಗೆ ಇಬ್ಬರು ಮೂವರು ಮುಗಿಬಿದ್ದಾಗ ಅದನ್ನು ಬಾಚಿ ಎತ್ತಿಕೊಂಡವನ ಹೆಸರಿಗೆ ಒಂದು ಗೀಟು. ಕೈತಟ್ಟುವವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಬೆನ್ನು ಬಗ್ಗಿಸಿ ಏಟು ತಿಂದು ಎತ್ತುವವನಿಲ್ಲದೆ ಗೋಲು ಎಲ್ಲಿಂದ ಬರಬೇಕು? ಇನ್ನೊಂದು ನಿಯಮವೂ ಬಹಳ ಹಿಡಿಸಿತು. ಗೋಲಿನತ್ತ ಬೀಸಿದ ಚೆಂಡು ಗುರಿ ತಪ್ಪಿ ಗೆರೆ ದಾಟಿದರೆ, ಆ ಕ್ಷಣಕ್ಕೆ ಅದರ ಹತ್ತಿರ ಯಾರಿದ್ದಾರೋ ಅವರ ತಂಡಕ್ಕೇ ಚೆಂಡು. ಹಾಗಾಗಿ ಒಬ್ಬ ಬೀಸುವ ಮುಂಚೆಯೇ ಅವನ ಜೊತೆಗಾರ ಗೋಲಿನ ಹಿಂದೆ ಓಡಿ ನಿಂತಿರುತ್ತಾನೆ. ಗೆಳೆಯನ ಗುರಿ ತಪ್ಪಿದರೂ ಚೆಂಡು ಕೈತಪ್ಪಬಾರದು ಎಂದು ಓಡುವ ಆ ಓಟವನ್ನು ಬರೆದಿಡಲು ನನ್ನ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಮೂರನೆಯ ಭಾಗದಲ್ಲಿ ನನ್ನ ಮಗ ಎದುರಾಳಿಯ ಕೈಗೆ ಕೋಲು ಬೀಸಿ ಒಂದು ನಿಮಿಷದ ಶಿಕ್ಷೆಗೆ ಗುರಿಯಾದ. ಶಿಕ್ಷೆ ಅನುಭವಿಸುವವರು ಬಂದು ಕೂರುವುದು ಟೇಬಲ್ಲಿನ ಪಕ್ಕದಲ್ಲೇ. ನನ್ನಿಂದ ಮಾರು ದೂರದಲ್ಲಿ ಏದುಸಿರು ಬಿಡುತ್ತಾ ಕೂತ ಮಗನನ್ನು ನಾನು ಮಾತಾಡಿಸಲಿಲ್ಲ. ಟೇಬಲ್ಲಿನವರು ಯಾರ ಕಡೆಯವರೂ ಅಲ್ಲ. ಯಜಮಾನರು ಗಡಿಯಾರ ನೋಡುತ್ತಾ ಕಡೆಯ ಐದು ಸೆಕೆಂಡನ್ನು ಗಟ್ಟಿಯಾಗಿ ಎಣಿಸಿ "ರಿಲೀಸ್" ಎಂದರು. ಅವನು ಬಿಲ್ಲಿನಿಂದ ಬಿಟ್ಟ ಬಾಣದಂತೆ ಓಡಿದ. ಆ ಒಂದು ನಿಮಿಷದಲ್ಲಿ ಅವನಿಲ್ಲದ ಡೇವಿಸ್ ಗೋಲು ಬಿಟ್ಟುಕೊಟ್ಟಿರಲಿಲ್ಲ.

ಕೊನೆಗೆ ಚಿಕೋದವರೇ ಗೆದ್ದರು, ಎರಡು ಗೋಲಿನಿಂದ. ಚೆನ್ನಾಗಿ ಆಡಿದರು, ಗೆಲ್ಲಬೇಕಾದವರೇ ಗೆದ್ದರು. ಎರಡೂ ತಂಡದ ತಾಯಿತಂದೆಯರು ತಂದಿದ್ದ ತಿಂಡಿಯನ್ನು ಹುಡುಗರು ಒಟ್ಟಿಗೆ ನಿಂತು ತಿಂದರು. ಚಿಕೋದವರು ನೂರು ಮೈಲಿಯಷ್ಟು ವಾಪಸು ಹೋಗಬೇಕಿತ್ತು.

ನಮ್ಮ ಕನ್ನಡದ ಗೆಳೆಯರು ಕೆಲವರು ಕೇಳುವುದುಂಟು, ವಿದ್ಯಾರ್ಥಿವೇತನವಿಲ್ಲ, ಮುಂದೆ ಕೆಲಸಕ್ಕೂ ಬಾರದು, ಯಾಕೆ ಈ ಪಾಡು ಎಂದು. ಕ್ಲಬ್ಬಾಗಿ ಬೆಳೆದು ಮೇಲೆ ಹೋದ ತಂಡಗಳೂ ಇವೆ: ಮಿಶಿಗನ್ 2008ರಿಂದ 2010ರವರೆಗೆ ಸತತ ಮೂರು ಸಲ ಎಂಸಿಎಲ್‌ಎ ಗೆದ್ದು, 2012ರ ಹೊತ್ತಿಗೆ ಎನ್‌ಸಿಎಎ ಸೇರಿತು. ಯೂಟಾ 2019ರಲ್ಲಿ ಅದೇ ದಾರಿ ಹಿಡಿಯಿತು. 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿಯಲ್ಲೇ ಸೇರಿದ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕ್ರೀಡೆಗಳಿಗೆ ಕ್ರಿಕೆಟ್ಟಿನ ಜೊತೆ ಆರು ಜನರ ಲ್ಯಾಕ್ರೋಸನ್ನೂ ಸೇರಿಸಿತು. ಆದರೆ ಗೆಳೆಯರಿಗೆ ನಾನು ಕೊಡುವ ಉತ್ತರ ಇದಲ್ಲ. ಇಪ್ಪತ್ತೊಂದರ ಹುಡುಗ ಇಡೀ ಪಂದ್ಯವನ್ನು ಹೊತ್ತು ನಡೆಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾವ ತರಗತಿಯಲ್ಲಿ ಅದನ್ನು ಕಲಿಸುತ್ತಾರೆ?

ಮೈದಾನ ಖಾಲಿಯಾಗುವ ಹೊತ್ತಿಗೆ ಅದೇ ಅಧ್ಯಕ್ಷ ಬಂದು ನನ್ನ ಪುಸ್ತಕದ ಪುಟಗಳ ಫೋಟೋ ತೆಗೆದುಕೊಂಡ, ಅಂಕಿಅಂಶಗಳನ್ನು ಅಂದೇ ರಾತ್ರಿ ಕಳಿಸಬೇಕಂತೆ. ಮುಂದಿನ ಪಂದ್ಯ ರೀನೋದಲ್ಲಿ. ಏಳು ಸಾವಿರ ಅಡಿ ಮೀರಿದ ಡಾನರ್ ಘಾಟಿ ದಾಟಿ ಹೋಗಬೇಕು, ಹಿಮ ಬಿದ್ದರೆ ಚಕ್ರಕ್ಕೆ ಸರಪಳಿ ಬೇಕು. ವ್ಯಾನು ಓಡಿಸುವವರ ಪಟ್ಟಿಯಲ್ಲಿ ಇನ್ನೂ ಒಂದು ಹೆಸರು ಬಾಕಿಯಿತ್ತು. ನನ್ನ ಯಜಮಾನರು ತಮ್ಮ ಹೆಸರು ಬರೆಸಿದರು.