ಹೆಪ್ಪಿನಿಂದ ಹೆಪ್ಪಿಗೆ

10 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಎದ್ದು ಪಾತ್ರೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಹುಳಿಯ ವಾಸನೆ ಇಲ್ಲ, ಎಲ್ಲೂ ಒಂದಿಷ್ಟು ಗಟ್ಟಿಯಾದ ಸುಳಿವೂ ಇಲ್ಲ. ತಪ್ಪು ನನ್ನದೇ. ರಾತ್ರಿ ನಿದ್ದೆಗಣ್ಣಿನಲ್ಲಿ, ಪಾತ್ರೆ ಮುಟ್ಟಿದರೆ ಕೈ ಚುರ್ ಎನ್ನುವಷ್ಟು ಬಿಸಿಯಿರುವಾಗಲೇ ಹೆಪ್ಪು ಹಾಕಿ ಮಲಗಿಬಿಟ್ಟಿದ್ದೆ. ಮೊಸರಿನ ಬ್ಯಾಕ್ಟೀರಿಯಾಗಳಿಗೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ಹಿತ. 70ರ ಆಸುಪಾಸಿನ ಹಾಲಿಗೆ ಬಿದ್ದರೆ ಅವು ಉಳಿಯುವುದು ಕಷ್ಟ.

ಒಂದು ಲೀಟರ್ ಹಾಲು. ಮತ್ತೆ ಬಿಸಿ ಮಾಡಿ ಇನ್ನೊಮ್ಮೆ ಹೆಪ್ಪು ಹಾಕೋಣ ಅನ್ನಿಸಿತು, ನಿಜ. ಆದರೆ ರಾತ್ರಿಯಿಡೀ ಬೆಚ್ಚಗಿದ್ದು ಹುಳಿಯೂ ಬಾರದ ಹಾಲನ್ನು ನಾನು ನಂಬುವುದಿಲ್ಲ. ಹುಳಿ ಬಂದಿದ್ದರೆ ಆ ಹುಳಿಯೇ ಬೇರೆ ಕೆಟ್ಟ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತಿತ್ತು. ಕಾವಲಿಲ್ಲದ ಹಾಲಿನಲ್ಲಿ ರಾತ್ರಿ ಯಾರು ಬಂದು ಕೂತಿದ್ದಾರೋ ಹೇಗೆ ಗೊತ್ತು? ಚೆಲ್ಲಿದೆ. ಚೆಲ್ಲುವಾಗ ಹೊಟ್ಟೆ ಚುರುಕ್ ಎಂದಿತು.

"ಹೋಗ್ಲಿ ಬಿಡ್ರಿ, ಹೆಪ್ಪಿಗೆ ಅಂತ ಒಂದು ಬಟ್ಟಲು ಬೇರೆ ಎತ್ತಿಟ್ಟಿದೀನಿ" ಎಂದಳು ಹೆಂಡತಿ. ಫ್ರಿಜ್ಜಿನ ಮೂಲೆಯಲ್ಲಿ ಚಿಕ್ಕ ಸ್ಟೀಲ್ ಬಟ್ಟಲಿನಲ್ಲಿ ಹಿಂದಿನ ಮೊಸರು ಇತ್ತು. ಆ ಬಟ್ಟಲು ನೋಡಿದಾಗಲೇ ಈ ವಾರ ದಿನಚರಿ ಬರೆಯಬೇಕು ಅನ್ನಿಸಿದ್ದು. ಮೊಸರು, ಬೆಣ್ಣೆ, ಬ್ರೆಡ್ಡು, ಶುಂಠಿ ಸೋಡಾ: ಈ ನಾಲ್ಕನ್ನು ಈ ವಾರ ಹೊರಗಿನಿಂದ ತರುವುದಿಲ್ಲ. ಬ್ರೆಡ್ಡಿನ ಹುಳಿಹಿಟ್ಟು ಹೋದ ಭಾನುವಾರದಿಂದಲೇ ಜಾಡಿಯಲ್ಲಿ ಕೂತಿದೆ. ಶುಂಠಿಯದನ್ನು ಇವತ್ತು ಶುರು ಮಾಡಿದೆ.

ರಾತ್ರಿ ಹಾಲಿಗೆ ಥರ್ಮಾಮೀಟರ್ ಇಟ್ಟೆ. ಮೊದಲು 85ಕ್ಕೆ ಏರಿಸಿ, ಹತ್ತು ನಿಮಿಷ ಅಲ್ಲೇ ಹಿಡಿದೆ. ಕುದಿ ಬಂದ ಕೂಡಲೇ ಒಲೆ ಆರಿಸುವವರು ಈ ಹತ್ತು ನಿಮಿಷ ಬಿಡುತ್ತಾರೆ, ಆಮೇಲೆ ಮೊಸರು ನೀರು ನೀರು ಎಂದು ಬೇಸರಪಡುತ್ತಾರೆ. ಹಾಲಿನ ತಿಳಿಯಲ್ಲಿ ಕರಗಿರುವ ಪ್ರೋಟೀನುಗಳು ಆ ಶಾಖಕ್ಕೆ ಸುರುಳಿ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ನಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ಮೊಸರಿನ ಜಾಲ ಬಿಗಿಯಾಗಿ ನೀರನ್ನು ಹಿಡಿದಿಡುವುದು ಇದರಿಂದಲೇ. 45ಕ್ಕೆ ಇಳಿದ ಮೇಲೆ ಎರಡು ಚಮಚ ಹೆಪ್ಪು, ಮೊದಲು ಸ್ವಲ್ಪ ಹಾಲಿನಲ್ಲಿ ಕದಡಿ, ಆಮೇಲೆ ಎಲ್ಲದಕ್ಕೂ. ಹೆಚ್ಚು ಹೆಪ್ಪು ಹಾಕಿದರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನನಗೂ ಇತ್ತು. ಹಾಗೇನಿಲ್ಲ. ಬೇಗ ಹುಳಿಯಾಗುತ್ತದೆ, ಮರಳು ಮರಳಾಗುತ್ತದೆ, ಅಷ್ಟೇ.

ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಆರಿದ ಓವನ್ನಿನೊಳಗೆ ದೀಪ ಮಾತ್ರ ಹಾಕಿ ಇಟ್ಟಿದ್ದೇನೆ.

11 ನವೆಂಬರ್, ಸೋಮವಾರ

ಆಗಿದೆ!

ಪಾತ್ರೆಯನ್ನು ನಿಧಾನವಾಗಿ ವಾಲಿಸಿದೆ. ಮೊಸರು ಒಂದೇ ಮುದ್ದೆಯಾಗಿ ಅಂಚು ಬಿಟ್ಟು ಸರಿಯಿತು, ನಡುವೆ ಬಿರುಕು ಬಿಡಲಿಲ್ಲ. ಮೇಲೆ ತೆಳ್ಳನೆ ಕೆನೆಪದರ, ಅದರಲ್ಲಿ ಸಣ್ಣ ಸುಕ್ಕು. ಚಮಚ ಇಳಿಸಿ ಒಂದು ತುಂಡು ಎತ್ತಿದರೆ, ತೆಗೆದ ಗುಂಡಿಯ ಅಂಚು ಹಾಗೇ ನೆಟ್ಟಗೆ ನಿಂತಿತು. ನಾನು ನೋಡುತ್ತಿದ್ದಂತೆಯೇ ಗುಂಡಿಯ ತಳದಲ್ಲಿ ತಿಳಿನೀರು ಜಿನುಗಿತು. ಬಿಳಿ ಅಲ್ಲ, ಹಳದಿಯೂ ಅಲ್ಲ, ಹಸಿರು ಸೋಕಿದ ಹಳದಿ. ಆ ಬಣ್ಣ ರೈಬೋಫ್ಲೇವಿನ್ನಿನದು, ಅಂದರೆ ಬಿ2 ಜೀವಸತ್ವದ್ದು. ಇಷ್ಟು ದಿನ ಆ ನೀರನ್ನು ಸಿಂಕಿಗೆ ಬಸಿಯುತ್ತಿದ್ದೆನಲ್ಲ ಎಂದು ಈಗ ಕಸಿವಿಸಿಯಾಗುತ್ತದೆ.

1905ರಲ್ಲಿ ಜಿನೀವಾದಲ್ಲಿ ವೈದ್ಯಕೀಯ ಓದುತ್ತಿದ್ದ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರೊಳಗಿನ ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಅದರ ಹೆಸರಿನಲ್ಲಿ ಇಂದಿಗೂ 'ಬಲ್ಗೇರಿಕಸ್' ಇದೆ. ಅದಕ್ಕೆ ಜೊತೆಗಾರ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್. ಎರಡೂ ಒಂದರ ಬೆಳವಣಿಗೆಗೆ ಇನ್ನೊಂದು ಒತ್ತಾಸೆಯಾಗಿ, ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಒಂದು ಮಟ್ಟಕ್ಕೆ ಬಂದಾಗ ಕೇಸಿನ್ ಕಣಗಳು ಒಂದಕ್ಕೊಂದು ಕೈಹಿಡಿದು ನಿಲ್ಲುತ್ತವೆ. ನಮ್ಮ ಓವನ್ನಿನೊಳಗೆ ರಾತ್ರಿ ನಡೆದದ್ದು ಇದೇ.

ಅರ್ಧ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆ. ಸಂಜೆಗೆ ಗಟ್ಟಿ ಮೊಸರು ಮೇಲೆ, ಒಂದು ಲೋಟದಷ್ಟು ತಿಳಿನೀರು ಕೆಳಗೆ. ತಿಳಿನೀರು ಬಾಟಲಿಗೆ ಹೋಯಿತು. ಉಳಿದ ಮೊಸರಿನಲ್ಲಿ ಎರಡು ಚಮಚ ತೆಗೆದು ಅರ್ಧ ಲೀಟರ್ ಕೆನೆಗೆ ಕಲಸಿ, ಮುಚ್ಚಿ ಹೊರಗೇ ಬಿಟ್ಟೆ. ನಾಳೆ ಬೆಣ್ಣೆ.

12 ನವೆಂಬರ್, ಮಂಗಳವಾರ

ಕೆನೆ ಹುಳಿ ಹಿಡಿದು, ಚಮಚದಿಂದ ನಿಧಾನವಾಗಿ ಜಾರುವಷ್ಟು ಮಂದವಾಗಿತ್ತು. ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಹೊರತೆಗೆದು, 13 ಡಿಗ್ರಿ ತೋರಿಸುವವರೆಗೆ ಕಾದೆ. ಬೆಣ್ಣೆಯ ಗುಟ್ಟು ಇರುವುದು ಈ ಅಂಕಿಯಲ್ಲೇ. ತೀರ ತಣ್ಣಗಿದ್ದರೆ ಕೊಬ್ಬಿನ ಹನಿಗಳು ಕಲ್ಲಾಗಿ ಒಂದಕ್ಕೊಂದು ಅಂಟುವುದಿಲ್ಲ. ಬೆಚ್ಚಗಿದ್ದರೆ ಕರಗಿ, ಬೆಣ್ಣೆ ಜಿಡ್ಡುಜಿಡ್ಡಾಗಿ ಮಜ್ಜಿಗೆಯಲ್ಲೇ ಕದಡಿ ಹೋಗುತ್ತದೆ.

ಮಿಕ್ಸಿ ಬಳಸಬಹುದಿತ್ತು. ಮಗಳು "ಅಪ್ಪಾ, ನಾನ್ ಅಲ್ಲಾಡಿಸ್ತೀನಿ, ಕೊಡಿ" ಎಂದು ಕೈಚಾಚಿದ್ದರಿಂದ ದೊಡ್ಡ ಬಾಯಿಯ ಜಾಡಿಗೆ ಅರ್ಧದಷ್ಟು ಮಾತ್ರ ಸುರಿದು ಕೊಟ್ಟೆ. ನಾವಿಬ್ಬರೂ ಸರದಿಯ ಮೇಲೆ ಕುಲುಕಿದೆವು. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಮೊದಲ ಮೂರು ನಾಲ್ಕು ನಿಮಿಷ ಲೊಟಲೊಟ. ಆಮೇಲೆ ಸದ್ದು ಮಂದವಾಗುತ್ತಾ ಹೋಗಿ ಪೂರಾ ನಿಂತುಬಿಟ್ಟಿತು. ಕೆನೆ ಗಾಳಿ ಹಿಡಿದು ಉಬ್ಬಿ ಜಾಡಿಗೆಲ್ಲ ಅಂಟಿಕೊಂಡಿತ್ತು, ಕುಲುಕಿದರೂ ಒಳಗೆ ಏನೂ ಅಲುಗದು. "ಕೆಟ್ಟೋಯ್ತಾ?" ಎಂದಳು. ಇಲ್ಲ, ಕೈ ಬಿಡಬಾರದ ಹೊತ್ತು ಇದೇ. ತೋಳು ನೋಯುವವರೆಗೆ, ಇನ್ನೂ ಐದಾರು ನಿಮಿಷ, ನಿಶ್ಶಬ್ದದಲ್ಲೇ ಕುಲುಕಿದೆವು. ಆಮೇಲೆ ಒಂದು ಕ್ಷಣಕ್ಕೆ, ಏನೂ ಮುನ್ಸೂಚನೆ ಕೊಡದೆ, ದೊಬ್ ಎಂದು ಏನೋ ಜಾಡಿಯ ಗೋಡೆಗೆ ಬಡಿಯಿತು. ಮಗಳು ಬೆಚ್ಚಿ ಕೈ ನಿಲ್ಲಿಸಿದಳು. ಜಾಡಿಯ ಗಾಜು ಥಟ್ಟನೆ ತಿಳಿಯಾಗಿತ್ತು. ಒಳಗೆ ಹಳದಿ ಮುದ್ದೆ, ಸುತ್ತ ನೀರಾದ ಮಜ್ಜಿಗೆ.

ಕೊಬ್ಬಿನ ಪ್ರತಿ ಹನಿಗೂ ಒಂದು ತೆಳು ಪೊರೆ ಇರುತ್ತದೆ. ಕಡೆಯುವಾಗ ಆ ಪೊರೆ ಹರಿದು ಕೊಬ್ಬಿಗೆ ಕೊಬ್ಬು ಸಿಗುತ್ತದೆ. ಅಷ್ಟು ಹೊತ್ತು ನೀರಿನೊಳಗೆ ಕೊಬ್ಬಿದ್ದದ್ದು ಈಗ ಕೊಬ್ಬಿನೊಳಗೆ ನೀರು ಎಂದಾಗುತ್ತದೆ. ಒಳ್ಳೆಯ ಬೆಣ್ಣೆಯಲ್ಲೂ ಶೇಕಡಾ 16ರಷ್ಟು ನೀರಿರುತ್ತದೆ, ಸಣ್ಣ ಹನಿಗಳಾಗಿ.

ತೊಳೆಯುವ ಕೆಲಸವನ್ನು ಯಾರೂ ಅರ್ಧಕ್ಕೆ ಬಿಡಬಾರದು. ಐಸ್ ನೀರಿನಲ್ಲಿ ಬೆಣ್ಣೆಯನ್ನು ಮರದ ಸೌಟಿನಿಂದ ಒತ್ತಿ, ನೀರು ಚೆಲ್ಲಿ, ಮತ್ತೆ ನೀರು ಹಾಕಿ, ನಾಲ್ಕು ಸಲ ಮಾಡಿದೆ. ನಾಲ್ಕನೆಯ ನೀರು ಕನ್ನಡಿಯಂತಿತ್ತು. ಒಳಗೆ ಮಜ್ಜಿಗೆ ಉಳಿದರೆ ಬೆಣ್ಣೆ ನಾಲ್ಕೇ ದಿನಕ್ಕೆ ವಾಸನೆ ಹಿಡಿಯುತ್ತದೆ. ಆಮೇಲೆ ಉಪ್ಪು ಹಾಕಿ, ಹಲಗೆಯ ಮೇಲೆ ಒತ್ತಿ ಒತ್ತಿ, ಬೆವರಿನಂತೆ ಒಸರುವ ಹನಿಗಳನ್ನು ಬಟ್ಟೆಯಿಂದ ಒರೆಸಿದೆ. ಉಳಿದರ್ಧವನ್ನೂ ಹೀಗೇ ಮಾಡಿ ತೂಗಿದರೆ 210 ಗ್ರಾಂ. ಶೇಕಡಾ 35 ಕೊಬ್ಬಿನ ಅರ್ಧ ಲೀಟರ್ ಕೆನೆಗೆ ಇದು ಸರಿಯಾದ ಲೆಕ್ಕ. ಮಜ್ಜಿಗೆ ಕಾಲು ಲೀಟರಿಗಿಂತ ತುಸು ಹೆಚ್ಚು ಸಿಕ್ಕಿತು. ಅದೂ ತಿಳಿನೀರಿನ ಬಾಟಲಿಯ ಪಕ್ಕಕ್ಕೆ ಹೋಯಿತು.

14 ನವೆಂಬರ್, ಗುರುವಾರ

ಹುಳಿಹಿಟ್ಟಿಗೆ ಇವತ್ತು ಹನ್ನೆರಡನೆಯ ದಿನ. ಹಿಟ್ಟು ಮತ್ತು ನೀರು, ತೂಕದಲ್ಲಿ ಸಮಸಮ, ಬೇರೆ ಏನೂ ಇಲ್ಲ. ಎರಡನೆಯ ದಿನವೇ ಅದು ಉಕ್ಕಿ ಜಾಡಿಯ ಮುಚ್ಚಳ ಎತ್ತಿತ್ತು. ಮನೆಯವರೆಲ್ಲ ಖುಷಿಪಟ್ಟೆವು. ನಾಲ್ಕನೆಯ ದಿನ ಸತ್ತಂತೆ ಬಿದ್ದುಕೊಂಡಿತು, ಒಂದು ಗುಳ್ಳೆಯೂ ಇಲ್ಲ. ಬಹಳ ಮಂದಿ ಎತ್ತಿ ಎಸೆಯುವುದು ಆ ದಿನವೇ. ಮೊದಲು ಉಕ್ಕಿಸಿದ್ದು ಯೀಸ್ಟ್ ಅಲ್ಲ, ಹಿಟ್ಟಿನಲ್ಲಿದ್ದ ಬೇರೆ ಬ್ಯಾಕ್ಟೀರಿಯಾ. ಹುಳಿ ಏರುತ್ತಿದ್ದಂತೆ ಅವು ಅಡಗುತ್ತವೆ. ಹುಳಿ ತಾಳುವ ಕಾಡು ಯೀಸ್ಟೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಬೇರೂರಲು ಇನ್ನೂ ಕೆಲವು ದಿನ ಬೇಕು. ಆ ನಡುವಿನ ಮೌನದಲ್ಲೂ ದಿನಕ್ಕೊಮ್ಮೆ ಅರ್ಧ ತೆಗೆದು ಹೊಸ ಹಿಟ್ಟು, ನೀರು ಕೊಡುತ್ತಲೇ ಇದ್ದೆ. ಎಂಟನೆಯ ದಿನಕ್ಕೆ ಮತ್ತೆ ಉಸಿರಾಡಿತು. ಈಗ ಕೊಟ್ಟ ಐದಾರು ಗಂಟೆಗೆ ಎರಡರಷ್ಟಾಗುತ್ತದೆ. ಜಾಡಿಗೆ ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿದ್ದೇನೆ. ವಾಸನೆ ಮೊದಲು ಒದ್ದೆ ಚೀಲದಂತಿತ್ತು, ಈಗ ಮಾಗಿದ ಸೇಬಿನಂತಿದೆ.

15 ನವೆಂಬರ್, ಶುಕ್ರವಾರ

ಸಿಪ್ಪೆ ಸಮೇತ ತುರಿದ ಶುಂಠಿ, ಸಕ್ಕರೆ, ನೀರು. ಭಾನುವಾರದಿಂದ ದಿನಕ್ಕೆ ಒಂದೊಂದು ಚಮಚ ಶುಂಠಿ, ಸಕ್ಕರೆ ಕೊಡುತ್ತಾ ಬಂದಿದ್ದೆ. ಸಿಪ್ಪೆ ಹೆರೆಯಬಾರದು, ಯೀಸ್ಟ್ ಕೂತಿರುವುದು ಅದರ ಮೇಲೆಯೇ. ಇವತ್ತು ಜಾಡಿಯ ಬಾಯಿಗೆ ಕಿವಿಯಿಟ್ಟರೆ ಸಣ್ಣಗೆ ಚಟಪಟ ಕೇಳುತ್ತದೆ. ಸೋಸಿ, ನಿಂಬೆರಸ ಸೇರಿಸಿದ ತಣ್ಣನೆ ಶುಂಠಿ ಪಾನಕಕ್ಕೆ ಬೆರೆಸಿ ಬಾಟಲಿಗೆ ತುಂಬಿದೆ.

ಪ್ಲಾಸ್ಟಿಕ್ ಬಾಟಲಿಗೆ ಮಾತ್ರ. ಹೋದ ವರ್ಷ ಗಾಜಿನ ಬಾಟಲಿಗೆ ತುಂಬಿ ಕಪಾಟಿನಲ್ಲಿಟ್ಟು ಮೂರು ದಿನ ಮರೆತಿದ್ದೆ. ನಡುರಾತ್ರಿ ಒಡೆಯಿತು. ಕಪಾಟಿನ ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಆದರೆ ಬಾಗಿಲ ಒಳಮೈಗೆ ಒಂದು ಚೂರು ನೆಟ್ಟುಕೊಂಡಿತ್ತು. ಅದನ್ನು ಕೀಳುವಾಗ ಕೈ ನಡುಗಿತ್ತು. ಪ್ಲಾಸ್ಟಿಕ್ಕಾದರೆ ಬೆರಳಿನಿಂದ ಒತ್ತಿ ನೋಡಬಹುದು. ಕಲ್ಲಿನಂತೆ ಬಿಗಿಯಾದರೆ ಫ್ರಿಜ್ಜಿಗೆ ಹೋಗಬೇಕು, ತಣ್ಣಗಾದರೆ ಯೀಸ್ಟ್ ಮಂಕಾಗುತ್ತದೆ. ಒಂದಿಷ್ಟು ಮದ್ಯಸಾರವೂ ಹುಟ್ಟುತ್ತದೆ, ಹಾಗಾಗಿ ಮಗಳ ಬಾಟಲಿಯನ್ನು ಒಂದೇ ದಿನಕ್ಕೆ ಫ್ರಿಜ್ಜಿಗೆ ಹಾಕಿ, ಬೇಗ ಕುಡಿಸಿ ಮುಗಿಸುತ್ತೇನೆ.

1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಯರ್ ಹುದುಗುತ್ತಿದ್ದ ತೊಟ್ಟಿಯ ಮೇಲೆ ನೀರಿಟ್ಟು, ಅದಕ್ಕೆ ಗುಳ್ಳೆ ಹಿಡಿಸಿದ. ಸೋಡಾ ಎಂಬುದು ಮೊದಲು ಬಂದದ್ದು ಸಿಲಿಂಡರಿನಿಂದಲ್ಲ, ಹುದುಗುವ ಪಾತ್ರೆಯ ಉಸಿರಿನಿಂದ. ನನಗೆ ಈ ಸಂಗತಿ ಬಹಳ ಇಷ್ಟ.

17 ನವೆಂಬರ್, ಭಾನುವಾರ

ನಿನ್ನೆ ಮಧ್ಯಾಹ್ನ ಹಿಟ್ಟು ಕಲಸಿದೆ. ಮೈದಾ 500 ಗ್ರಾಂ, ಹುಳಿಹಿಟ್ಟು 100 ಗ್ರಾಂ, ಉಪ್ಪು 10 ಗ್ರಾಂ. ನೀರು ಒಂದು ತೊಟ್ಟೂ ಹಾಕಲಿಲ್ಲ. ಮಂಗಳವಾರದ ಮಜ್ಜಿಗೆ ಅಷ್ಟನ್ನೂ ಸುರಿದು, ಸಾಲದ್ದಕ್ಕೆ ಸೋಮವಾರದ ತಿಳಿನೀರು ಹಾಕಿ 350 ಗ್ರಾಂ ಮಾಡಿದೆ. ಕೈಗಂಟುವ ಹಿಟ್ಟನ್ನು ನಾದಲು ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡಿಕೊಂಡು, ಒಂದೊಂದು ಅಂಚು ಎಳೆದು ನಡುವಿಗೆ ಮಡಚಿದೆ, ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಹರಿಯುತ್ತಿದ್ದ ಹಿಟ್ಟು ನಾಲ್ಕನೆಯದರಲ್ಲಿ ಕೈಯ ಮೇಲೆ ಪರದೆಯಂತೆ ಇಳಿಯಿತು, ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು. ಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಎಂಬ ಪ್ರೋಟೀನಿನ ಜಾಲ ತಾನಾಗಿಯೇ ಕಟ್ಟಿಕೊಂಡಿದೆ, ನೀರೂ ಸಮಯವೂ ಸಿಕ್ಕರೆ ಅದಕ್ಕೆ ತೋಳಿನ ಬಲ ಅಷ್ಟಾಗಿ ಬೇಡ. ರಾತ್ರಿ ಫ್ರಿಜ್ಜಿನಲ್ಲಿ ಮಲಗಿಸಿ, ಬೆಳಿಗ್ಗೆ 230 ಡಿಗ್ರಿಯಲ್ಲಿ, ಮುಚ್ಚಳವಿರುವ ದಪ್ಪ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ, ಮುಚ್ಚಳ ತೆಗೆದು ಮತ್ತೆ ಇಪ್ಪತ್ತು.

ಹೊರತೆಗೆದು ಜಾಲರಿಯ ಮೇಲಿಟ್ಟಾಗ ಬ್ರೆಡ್ಡಿನ ಸಿಪ್ಪೆ ಚಿಟಚಿಟ ಎನ್ನತೊಡಗಿತು. ತಣ್ಣಗಾಗುತ್ತಾ ಬಿರುಕು ಬಿಡುವ ಸದ್ದು ಅದು. ಮೂವರೂ ಮಾತಿಲ್ಲದೆ ಕೇಳಿದೆವು. ಕತ್ತರಿಸಲು ಒಂದು ಗಂಟೆ ಕಾಯಲೇಬೇಕು, ಬಿಸಿಯಲ್ಲೇ ಕೊಯ್ದರೆ ಒಳಗಿನ ಪಿಷ್ಟ ಇನ್ನೂ ಕೂತಿರದೆ ಅಂಟಂಟಾಗುತ್ತದೆ. ಮಗಳು ಹತ್ತು ನಿಮಿಷಕ್ಕೊಮ್ಮೆ ಬಂದು ಮುಟ್ಟಿ ನೋಡಿ ಹೋದಳು.

ತುಂಡಿನ ಮೇಲೆ ಬೆಣ್ಣೆ ಸವರುವಾಗ ಗಮನಿಸಿದೆ: ಮೊಸರಿನ ಎರಡು ಚಮಚ ಕೆನೆಗೆ ಹೋಗಿ ಬೆಣ್ಣೆಯಾಯಿತು, ಬೆಣ್ಣೆ ಬಿಟ್ಟ ಮಜ್ಜಿಗೆ ಬ್ರೆಡ್ಡಿನೊಳಗಿದೆ, ಈಗ ಬೆಣ್ಣೆ ಅದರ ಮೇಲಿದೆ. ಬೇರೆ ಬೇರೆ ಪೊಟ್ಟಣಗಳಲ್ಲಿ ತರುತ್ತಿದ್ದಾಗ ಇವು ಒಂದೇ ಮನೆಯವು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಬೆಣ್ಣೆಯನ್ನು ಪ್ರತಿ ವಾರ ಮಾಡುತ್ತೇನೆಯೇ? ಇಲ್ಲ, ತಿಂಗಳಿಗೊಮ್ಮೆ ಸಾಕು. ಸೋಡಾ ಯಾರಾದರೂ ಮನೆಗೆ ಬಂದಾಗ. ಮೊಸರು ಮತ್ತು ಬ್ರೆಡ್ಡು ಮಾತ್ರ ಇನ್ನು ಹೊರಗಿನಿಂದ ಬರುವುದಿಲ್ಲ.

ಈಗ ರಾತ್ರಿ ಒಂಬತ್ತೂವರೆ. ಚಿಕ್ಕ ಸ್ಟೀಲ್ ಬಟ್ಟಲಿಗೆ ನಾನೇ ಎರಡು ಚಮಚ ಮೊಸರು ಎತ್ತಿಟ್ಟು ಫ್ರಿಜ್ಜಿನ ಅದೇ ಮೂಲೆಗೆ ಸೇರಿಸಿದೆ. ಒಲೆಯಿಂದ ಇಳಿಸಿದ ಹಾಲು ಥರ್ಮಾಮೀಟರಿನಲ್ಲಿ 58 ತೋರಿಸುತ್ತಿದೆ. 45ಕ್ಕೆ ಇಳಿಯುವವರೆಗೆ ಎದ್ದಿರುತ್ತೇನೆ.