ಲೇಬಲ್ ಡೈರಿ 11: ಬೆಟ್ಟ ಸಿಕ್ಕಿತು, ಆದರೆ ಉಲ್ಟಾ

ಮೂರು ಭಾನುವಾರ, ಎರಡು ಟ್ಯಾಂಕ್ ಪೆಟ್ರೋಲ್, ನಾಲ್ಕು ಹರಿದ ಲೇಬಲ್. ಇಷ್ಟೆಲ್ಲಾ ಆದ ಮೇಲೆ ಕೊನೆಗೂ ಬೆಟ್ಟ ಸಿಕ್ಕಿತು.

ನಮ್ಮ ನಿಯಮ ಗೊತ್ತಲ್ಲ. ವೈನ್ ಬಾಟಲಿಯ ಲೇಬಲ್ಲನ್ನು ಹರಿಯದಂತೆ ಬಿಡಿಸಬೇಕು. ಅದರ ಮೇಲಿನ ಚಿತ್ರ ಎಲ್ಲಿ ನಿಂತರೆ ಕಾಣುತ್ತದೋ ಅಲ್ಲಿಗೆ ಹೋಗಬೇಕು. ಲೇಬಲ್ ಎತ್ತಿ ಹಿಡಿದು ಫೋಟೊ ತೆಗೆಯಬೇಕು. ಸಿಗದಿದ್ದರೆ ಪುಸ್ತಕದಲ್ಲಿ 'ಬರೀ ಬಣ್ಣ' ಎಂದು ಬರೆಯಬೇಕು.

ಈ ಸಲದ್ದು ನಂದಿ ಬೆಟ್ಟದ ಸುತ್ತಿನ ಒಂದು ಪುಟ್ಟ ವೈನರಿ. 1988ರಲ್ಲಿ ಗ್ರೋವರ್‌ನವರು ಅಲ್ಲಿ ತಮ್ಮ ವೈನ್ ಕಂಪನಿ ಶುರು ಮಾಡಿದಾಗಿನಿಂದ ನಂದಿಯ ಹೆಸರು ವೈನ್ ಜೊತೆ ಓಡಾಡುತ್ತಿದೆ. ಈ ವೈನರಿ ಅಷ್ಟು ಹೆಸರಾದ ಜಾಗವಲ್ಲ. ಗೇಟಿನ ಬೋರ್ಡ್ ಹುಡುಕಲು ಕುರಿ ಕಾಯುವವರನ್ನು ಕೇಳಬೇಕಾಯಿತು. ಲೇಬಲ್ ಮಾತ್ರ ರಾಜಗಾಂಭೀರ್ಯದ್ದು: ಒರಟು ಕಾಗದ, ಚಿನ್ನದ ಗೆರೆಯಲ್ಲಿ ಬೆಟ್ಟ. ಬಲಗಡೆ ಬಂಡೆ ಕಡಿದಾಗಿ ಇಳಿಯುತ್ತದೆ, ಎಡಗಡೆ ಇಳಿಜಾರು ನಿಧಾನಕ್ಕೆ ಜಾರುತ್ತದೆ. ಬಂಡೆಯ ಮೇಲೆ ಮಳೆನೀರು ಹರಿದ ಕಪ್ಪು ಪಟ್ಟೆಯನ್ನೂ ಬಿಡಿಸಿದ್ದಾರೆ.

ಮೊದಲು ಬಾಟಲಿಯಿಂದ ಲೇಬಲ್ ಬಿಡಿಸುವ ಕಥೆ. ಗೋಂದು ಹಚ್ಚಿ ಅಂಟಿಸಿದ ಹಳೇ ಥರದ ಕಾಗದವಾದರೆ ಚಿಂತೆಯಿಲ್ಲ. ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಬಿಟ್ಟರೆ ತಾನೇ ತೇಲಿ ಬರುತ್ತದೆ. ಇದು ಸ್ಟಿಕರ್. ನೀರಿಗೆ ಜಗ್ಗುವುದಿಲ್ಲ. ವಾಷಿಂಗ್ ಸೋಡಾ ಹಾಕಿ ನೋಡೋಣ ಅಂತ ಅಂಗಡಿಗೆ ಹೋದರೆ ಅಡುಗೆ ಸೋಡಾ ಕಟ್ಟಿಕೊಟ್ಟರು. ಎರಡೂ ಒಂದೇ ಅಂತೆ! ಬೋಂಡಾ ಚೆನ್ನಾಗಿ ಬಂತು, ಲೇಬಲ್ ಬರಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ಲೇಬಲ್ ಎತ್ತುವ ಪಾರದರ್ಶಕ ಹಾಳೆ ತರಿಸಿದೆ. ಅದು ಚಿನ್ನದ ಗೆರೆಯನ್ನು ಮಾತ್ರ ಎತ್ತಿಕೊಂಡು ಬೆಟ್ಟವನ್ನು ಬಾಟಲಿಯಲ್ಲೇ ಬಿಟ್ಟಿತು. ಹರಿಯದೆ ಇಡಿಯಾಗಿ ಬಂದದ್ದು ಒಂದೇ, ಹಿಂದಿನ ಲೇಬಲ್. ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಅದರಲ್ಲೇ ಇರುವುದು. ಮನೆಯಲ್ಲಿ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾರೆ.

ಐದನೇ ಬಾಟಲಿಗೆ ದಾರಿ ಸಿಕ್ಕಿತು. ಬಿಸಿ ಹೊರಗಲ್ಲ, ಒಳಗೆ ಬೇಕು. ಖಾಲಿ ಬಾಟಲಿಯನ್ನು ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ಆಮೇಲೆ ಒಳಗೆ ಕುದಿಯುವ ಹಂತಕ್ಕೆ ಬಂದ ನೀರು ತುಂಬಿಸಿ ಐದು ನಿಮಿಷ ಬಿಡಿ. ಅಂಟು ಮೆತ್ತಗಾಗುತ್ತದೆ, ಕಾಗದ ಒಣಗಿಯೇ ಇರುತ್ತದೆ. ಬ್ಲೇಡಿನಿಂದ ಒಂದು ಮೂಲೆ ಎಬ್ಬಿಸಿ, ಗಾಜಿಗೆ ಒತ್ತಿಕೊಂಡಂತೆಯೇ ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಅವಸರ ಮಾಡಿದರೆ ಹೋಯ್ತು. ಬಂದ ತಕ್ಷಣ ಬಟರ್ ಪೇಪರಿಗೆ ಅಂಟಿಸಿ, ಇಲ್ಲದಿದ್ದರೆ ಹಪ್ಪಳದಂತೆ ಸುರುಳಿ ಸುತ್ತಿಕೊಳ್ಳುತ್ತದೆ.

ಸರಿ, ಲೇಬಲ್ ಕೈಗೆ ಬಂತು. ಬೆಟ್ಟ ಬರಬೇಕಲ್ಲ. ವೈನರಿಯ ಅಂಗಳದಲ್ಲಿ ನಿಂತೆ, ತೋಟದ ಬದುವಿನಲ್ಲಿ ನಿಂತೆ, ನೀರಿನ ಟ್ಯಾಂಕ್ ಹತ್ತಿದೆ. ಕಡಿದಾದ ಬಂಡೆ ಯಾವಾಗಲೂ ಎಡಗಡೆಯೇ. ಇದು ನಂದಿಯೋ, ಬ್ರಹ್ಮಗಿರಿಯೋ, ಸ್ಕಂದಗಿರಿಯೋ ಅಂತ ನನಗೇ ಅನುಮಾನ ಹತ್ತಿತು. ಬೆಟ್ಟದ ಆಚೆ ಬದಿಯಿಂದ ನೋಡಿದರೆ ಅಂಚು ತಿರುಗುಮುರುಗಾಗಿ ಕಾಣುತ್ತದೆ ಅಲ್ವಾ? ಎರಡನೇ ಭಾನುವಾರ ಪೂರ್ತಿ ಚಿಕ್ಕಬಳ್ಳಾಪುರದ ಕಡೆ ಸುತ್ತಿದೆ. ಅಂಚು ಸುಮಾರಾಗಿ ಹೊಂದಿತು, ಆದರೆ ಆ ಕಪ್ಪು ಪಟ್ಟೆ ಅಲ್ಲಿಲ್ಲ. ಅದು ವೈನರಿ ಕಡೆಯ ಮುಖದಲ್ಲೇ ಇರುವುದು.

ಮೂರನೇ ಭಾನುವಾರ ಸೋತು ಹೊರಟೆವು. ನಾನು ರುಚಿ ನೋಡಿದ್ದರಿಂದ ಕಾರು ಓಡಿಸುತ್ತಿದ್ದದ್ದು ಹೆಂಡತಿ. ಲೇಬಲ್ ಡ್ಯಾಶ್‌ಬೋರ್ಡಿನ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಬಿಸಿಲು ಅದರ ಮೇಲೆ, ಅದರ ನೆರಳಚ್ಚು ಮುಂದಿನ ಗಾಜಿನ ಮೇಲೆ. "ರೀ, ಆ ಕಾಗದ ತೆಗೀರಿ, ರಸ್ತೆ ಕಾಣ್ತಿಲ್ಲ" ಅಂದಳು. ತೆಗೆಯಲು ಕೈ ಚಾಚಿದೆ, ಅಲ್ಲೇ ನಿಂತೆ. ಗಾಜಿನಲ್ಲಿ ಅಕ್ಷರ ಕನ್ನಡಿ ಬರಹದಂತಿದೆ. ಬೆಟ್ಟ ಮಾತ್ರ ಗಾಜಿನಾಚೆಯ ಬೆಟ್ಟದ ಮೇಲೆ ಸರಿಯಾಗಿ ಕೂತಿದೆ. ಬಂಡೆ ಮೇಲೆ ಬಂಡೆ, ಪಟ್ಟೆ ಮೇಲೆ ಪಟ್ಟೆ! ಕಾರು ನಿಲ್ಲಿಸು ಅಂತ ನಾನು ಕೂಗಿದ ಸದ್ದಿಗೆ ಅವಳು ಬ್ರೇಕ್ ಒತ್ತಿದಳು. ಹಿಂದಿನ ಟೆಂಪೋದವನು ಏನೇನು ಅಂದನೋ ಇಲ್ಲಿ ಬರೆಯುವುದಿಲ್ಲ.

ಲೇಬಲ್ ಮಾಡಿದವರು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿಬಿಟ್ಟಿದ್ದಾರೆ. ವಾಪಸ್ ಹೋಗಿ ಕೇಳಿದೆ. ಕೌಂಟರಿನ ಹುಡುಗ ಲೇಬಲ್ ನೋಡಿದ, ಬೆಟ್ಟ ನೋಡಿದ, ಮತ್ತೆ ಲೇಬಲ್ ನೋಡಿದ. "ಹೌದಲ್ಲಾ ಸಾರ್. ನಾವು ದಿನಾ ನೋಡ್ತೀವಿ, ಗೊತ್ತೇ ಆಗಿಲ್ಲ."

ತಿರುಗಿಸಿದ್ದಕ್ಕೆ ನನಗೆ ಅಷ್ಟು ಕೋಪವಿಲ್ಲ. ಕೋಪ ಬಂದದ್ದು ಲೇಬಲ್ಲಿನ 'ಬೆಟ್ಟದ ವೈನ್' ಅನ್ನುವ ಸಾಲಿಗೆ. ನಂದಿಯ ತುದಿ 1,478 ಮೀಟರ್. ಬಳ್ಳಿ ಇರುವುದು ಕೆಳಗಿನ ಬಯಲಿನಲ್ಲಿ, ಸುಮಾರು 900 ಮೀಟರ್. ಬೆಂಗಳೂರೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಆ ಲೆಕ್ಕದಲ್ಲಿ ನಮ್ಮ ಯಲಹಂಕದ ಟೆರೇಸಿನ ಬಸಳೆಯೂ ಬೆಟ್ಟದ ಬಸಳೆ. ರಾತ್ರಿಯ ತಂಪು ದ್ರಾಕ್ಷಿಯ ಹುಳಿ ಉಳಿಸುತ್ತದೆ, ನಿಜ. ಆದರೆ ಆ ತಂಪು ಪ್ರಸ್ಥಭೂಮಿ ಕೊಟ್ಟದ್ದು, ಬೆಟ್ಟ ಸುಮ್ನೆ ಹಿಂದೆ ನಿಂತಿದೆ. ಸ್ವಿಟ್ಜರ್ಲೆಂಡಿನ ವಿಸ್ಪರ್‌ಟರ್ಮಿನೆನ್‌ನಲ್ಲಿ ಬಳ್ಳಿಯೇ ಗುಡ್ಡ ಹತ್ತಿ 1,150 ಮೀಟರಿಗೆ ಹೋಗುತ್ತದೆ. ಅಲ್ಲಿನ ಹೈಡಾ ವೈನಿನ ಲೇಬಲ್ಲಿಗೆ ಅಕ್ಕನ ಮಗನ ಹಿಂದೆ ಬಿದ್ದಿದ್ದೇನೆ.

ಲೇಬಲ್ಲಿನಲ್ಲಿ ಇಲ್ಲದ್ದೇ ಅಲ್ಲಿ ಚೆನ್ನಾಗಿತ್ತು. ಫೆಬ್ರವರಿ, ಕೊಯ್ಲಿನ ಕಾಲ. ನಮ್ಮ ಹವೆಯಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲ, ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಬೇಕು, ಅಂದರೆ ಬಳ್ಳಿಯನ್ನು ಕತ್ತರಿಸಿ ಸವರಬೇಕು. ಮಳೆ ಮುಗಿದ ಮೇಲಿನ ಚಾಟ್ನಿಯ ಫಸಲು ಆ ದಿನ ಕ್ರೇಟುಗಳಲ್ಲಿ ಬರುತ್ತಿತ್ತು. ಶೆಡ್ಡಿನಲ್ಲಿ ದೋಸೆ ಹಿಟ್ಟು ಉಕ್ಕಿದ ಹಾಗೆ ಹುಳಿವಾಸನೆ. ಹುಡುಗ ಟ್ಯಾಂಕಿನಿಂದ ನೇರ ಹಿಡಿದು ಕೊಟ್ಟ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಮಬ್ಬಾಗಿತ್ತು, ನಾಲಗೆಗೆ ಚುರುಕಾಗಿತ್ತು. ಬಾಟಲಿಯದಕ್ಕಿಂತ ಜಾಸ್ತಿ ಇಷ್ಟವಾಯಿತು. ಲೇಬಲ್ಲಿನ ಮೇಲೆ ಆ ಶೆಡ್ಡನ್ನೇ ಚಿತ್ರಿಸಬಾರದಿತ್ತಾ?

ಮುಂದಿನದು ಕೊಡಗಿನ ಹೋಂಮೇಡ್ ವೈನ್. ಮಡಿಕೇರಿಯಿಂದ ತಂದ ಶುಂಠಿ ವೈನಿನ ಲೇಬಲ್ ಮೇಲೆ ಮಂಜು, ಬೆಟ್ಟ, ಒಂದು ಹಕ್ಕಿ. ಮನೆಯ ಪ್ರಿಂಟರಿನಲ್ಲಿ ತೆಗೆದದ್ದು. ಗೋಂದಿನದು ಅಂತ ಖುಷಿಯಿಂದ ನಿನ್ನೆ ರಾತ್ರಿ ಬಕೆಟ್ಟಿನಲ್ಲಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಲೇಬಲ್ ಬೆಳ್ಳಗೆ ತೇಲುತ್ತಿದೆ, ನೀರು ನೇರಳೆ.