ತಿನ್ನೋದು ಬಿಟ್ಟು ಬೇರೇನೂ ಬಾರದವಳಿಗೆ ಸೀಟು ಹೇಗೆ ಸಿಕ್ಕಿತು?

ನಾನು ಮನೆಯಲ್ಲೇ ಬೇಕಿಂಗ್ ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಹುಚ್ಚಿನವರು ಸಾಕಷ್ಟು ಮಂದಿ ಇದ್ದಾರೆ. ಕೇಕು-ಪೇಸ್ಟ್ರಿ ಕಲಿಯುವ ಹುಡುಗಿಯೊಬ್ಬಳ ಕಥೆಯಾದ ‘ಯುಮೆಇರೋ ಪಾಟಿಸಿಯೆರ್’ ಅನ್ನುವ ಅನಿಮೆಯ ಹುಚ್ಚು ಅವರಿಗೆ ಹತ್ತಿಸಿದ್ದು ಮಾತ್ರ ನಾನೇ. ಮೊದಲ ಕಂತು ಮುಗಿಯುತ್ತಿದ್ದಂತೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಆಂಟಿ, ಆ ಹುಡುಗಿಗೆ ಏನೂ ಮಾಡಕ್ಕೇ ಬರಲ್ವಲ್ಲ, ಅಂಥಾ ದೊಡ್ಡ ಸ್ಕೂಲಲ್ಲಿ ಸೀಟು ಹೆಂಗೆ ಕೊಟ್ರು?” ಇದನ್ನೇ ಅವರ ಅಮ್ಮಂದಿರು ಇನ್ನೊಂದು ರೀತಿ ಕೇಳುತ್ತಾರೆ. “ತಿನ್ನಕ್ಕೆ ಬಂದ್ರೆ ಸಾಕಾ? ಹಂಗಾದ್ರೆ ನಮ್ಮನೇಲಿ ಇಬ್ರು ಶೆಫ್ ಇದಾರೆ.”

ನೋಡದವರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ನತ್ಸುಮಿ ಮತ್ಸುಮೋತೊ ಬರೆದ ಮಾಂಗಾ (ಜಪಾನಿ ಕಾಮಿಕ್ಸ್) ಇದಕ್ಕೆ ಮೂಲ. ಅನಿಮೆ ಶುರುವಾದದ್ದು 2009ರ ಅಕ್ಟೋಬರಿನಲ್ಲಿ. ಮೊದಲ ಸರಣಿ 50 ಕಂತು, ಆಮೇಲಿನದು 13. ‘ನರುಟೊ’ ಮಾಡಿದ ಸ್ಟುಡಿಯೋ ಪಿಯೆರೊ ಇದರಲ್ಲೂ ಇದೆ ಅಂದರೆ ಹುಡುಗರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ನಾಯಕಿ 14 ವರ್ಷದ ಇಚಿಗೊ ಅಮಾನೊ. ಇಚಿಗೊ ಅಂದರೆ ಜಪಾನಿ ಭಾಷೆಯಲ್ಲಿ ಸ್ಟ್ರಾಬೆರಿ. ತಂಗಿ ನತ್ಸುಮೆಯ ಹೆಸರೂ ಹಣ್ಣಿನದೇ, ಒಂದು ಜಾತಿಯ ಎಲಚಿ. ಆ ಎಲಚಿ ಪಿಯಾನೊದಲ್ಲಿ ಜಾಣೆ. ಸ್ಟ್ರಾಬೆರಿಗೆ ಕೇಕ್ ಕಂಡರೆ ಪ್ರಾಣ ಅನ್ನೋದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಜೊತೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುವ ಸ್ವಭಾವ. ತೀರಿಹೋದ ಅಜ್ಜಿ ಪೇಸ್ಟ್ರಿ ಮಾಡುವವಳಾಗಿದ್ದಳು. ಅವಳ ಸ್ಟ್ರಾಬೆರಿ ಟಾರ್ಟಿನ ರುಚಿ ಮೊಮ್ಮಗಳ ನಾಲಿಗೆಯಿಂದ ಹೋಗಿಲ್ಲ. ಒಂದು ಸಿಹಿತಿಂಡಿ ಮೇಳದಲ್ಲಿ ಫ್ರಾನ್ಸಿನ ಹೆಸರಾಂತ ಪಾಟಿಸಿಯೆ (ಪೇಸ್ಟ್ರಿ ಬಾಣಸಿಗ) ಆನ್ರಿ ಲೂಕಾ ಅವಳನ್ನು ಗಮನಿಸುತ್ತಾನೆ. ಅವಳು ತಿನ್ನುವ ರೀತಿ, ತಿಂದದ್ದರ ಬಗ್ಗೆ ಆಡುವ ಮಾತು, ಇಷ್ಟೇ ಅವನು ನೋಡಿದ್ದು. ಅಷ್ಟಕ್ಕೇ ಸೇಂಟ್ ಮಾರಿ ಅಕಾಡೆಮಿಗೆ ಬಾ ಅನ್ನುತ್ತಾನೆ. ಹೋದರೆ ಸೀದಾ ಎ ಗುಂಪು, ಶಾಲೆಯ ಅತಿ ಜಾಣರ ನಡುವೆ. ಅಲ್ಲಿ ಮೂವರು ಹುಡುಗರಿದ್ದಾರೆ: ಚಾಕೊಲೇಟಿನ ಕಶಿನೊ, ಸಕ್ಕರೆಯಲ್ಲಿ ಹೂ ಅರಳಿಸುವ ಹನಬುಸ, ಜಪಾನಿ ಸಿಹಿತಿಂಡಿಯ ಮನೆತನದ ಅಂದೊ. ಇವಳಿಗೆ ಹಿಟ್ಟು ಕಲಸಲೂ ಬಾರದು ಅನ್ನುವುದು ಬಯಲಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಕಂತಿಗೆ ಅವಸರ ಜಾಸ್ತಿ, ಒಪ್ಪುತ್ತೇನೆ. ಅಂಥ ಶಾಲೆಯಾಗಲಿ ಅಂಥ ಹುಡುಗರಾಗಲಿ ಎಲ್ಲೂ ಇರಲಾರರು. ಆದರೆ ಸೀಟು ಕೊಟ್ಟದ್ದು ಸರಿ. ನಾನಾಗಿದ್ದರೂ ಕೊಡುತ್ತಿದ್ದೆ.

ಯಾಕೆ ಅಂದರೆ, ಕೈ ಕಲಿಸಬಹುದು. ಫ್ರೆಂಚರ ತೆಳು ದೋಸೆ ಕ್ರೇಪನ್ನೇ ತಗೊಳ್ಳಿ. ಮೈದಾ, ಹಾಲು, ಮೊಟ್ಟೆ ಕಲಸಿ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಹಿಟ್ಟು ನೀರು ಕುಡಿಯುತ್ತದೆ, ಕಲಸಿದಾಗ ಬಿಗಿದುಕೊಂಡ ಗ್ಲುಟೆನ್, ಅಂದರೆ ಮೈದಾದ ಅಂಟು, ಸಡಿಲವಾಗುತ್ತದೆ. ಬಿಡದೆ ಹೊಯ್ದರೆ ರಬ್ಬರಿನ ಹಾಗೆ ಎಳೆಯುತ್ತದೆ. ಕಾವಲಿಗೆ ಬೆಣ್ಣೆ ಹಾಕಿದಾಗ ನೊರೆ ಎದ್ದು ಇಳಿಯಬೇಕು, ಆದರೆ ಕಂದಾಗಬಾರದು. ಸೌಟು ಹೊಯ್ದ ಕೂಡಲೇ ಮಣಿಕಟ್ಟು ತಿರುಗಿಸಬೇಕು. ಅಂಚು ಒಣಗಿ ಕಸೂತಿ ಲೇಸಿನಂತೆ ಎದ್ದಾಗ ಬೆರಳಲ್ಲೇ ಹಿಡಿದು ಮಗುಚಬೇಕು. ಮೊದಲನೆಯದು ಕೆಡುತ್ತದೆ, ನಮ್ಮ ನೀರುದೋಸೆಯ ಹಾಗೇ. ಕಾವಲಿಯ ಕಾವು ಇನ್ನೂ ಹದಕ್ಕೆ ಬಂದಿರುವುದಿಲ್ಲ. ನಲವತ್ತು ಸಲ ಮಾಡಿದರೆ ಯಾರಿಗಾದರೂ ಬರುತ್ತದೆ. ನನಗೇ ಬಂತು.

ನಾಲಿಗೆಯ ಕಥೆ ಹಾಗಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಬಂದಿದ್ದಳು. ಮೂರು ತರಗತಿ ಕಳೆದರೂ ಒಂದು ಕ್ರೇಪನ್ನೂ ಹರಿಯದೆ ಎತ್ತಿರಲಿಲ್ಲ. ಅವತ್ತು ಎಲ್ಲರಿಗೂ ಬೆಣ್ಣೆ ಬಿಸ್ಕತ್ತು ಕೊಟ್ಟೆ. ಉಳಿದವರು ಸೂಪರ್ ಅಂದರು. ಇವಳು ಎರಡನೇ ತುತ್ತಿಗೆ ನಿಲ್ಲಿಸಿ, ಬಿಸ್ಕತ್ತು ಮೂಗಿನ ಹತ್ತಿರ ಹಿಡಿದು, “ಮಿಸ್, ಬೆಣ್ಣೆ ಫ್ರಿಜ್ಜಲ್ಲಿ ಈರುಳ್ಳಿ ಪಕ್ಕ ಇತ್ತಾ?” ಅಂದಳು. ಇತ್ತು. ಹಿಂದಿನ ರಾತ್ರಿ ಅರ್ಧ ಹೆಚ್ಚಿದ ಈರುಳ್ಳಿ ಅದೇ ಶೆಲ್ಫಿನಲ್ಲಿತ್ತು, ಬೆಣ್ಣೆಯ ಕಾಗದ ಬಿಚ್ಚಿಕೊಂಡಿತ್ತು. ಕೊಬ್ಬಿನ ಅಂಶ ಇರುವ ಪದಾರ್ಥ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ ಎಂದು ಪ್ರತಿ ಬ್ಯಾಚಿಗೂ ಪಾಠ ಹೇಳುವವಳು ನಾನು. ನನಗೇ ಗೊತ್ತಾಗಿರಲಿಲ್ಲ.

ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯೇ. ಶೀತ ಆದಾಗ ಎಲ್ಲವೂ ಸಪ್ಪೆಯಾಗುವುದು ಅದಕ್ಕೇ. ಮೂಗು ಹಿಡಿದುಕೊಂಡು ಏಲಕ್ಕಿ ಹಾಕಿದ ಕಸ್ಟರ್ಡ್ ತಿನ್ನಿ, ಬರೀ ಸಿಹಿ ಇರುತ್ತದೆ. ಬೆರಳು ತೆಗೆದ ಕ್ಷಣ ಏಲಕ್ಕಿ ಬರುತ್ತದೆ. ನನ್ನ ಅಜ್ಜಿ ನೈವೇದ್ಯಕ್ಕೆ ಮುಂಚೆ ಒಂದು ಹನಿಯನ್ನೂ ನಾಲಿಗೆಗೆ ಹಾಕಿದವಳಲ್ಲ, ಎಂಜಲಾದೀತು ಅಂತ. ಸಾರು ಕುದಿಯುವಾಗ ಆವಿಗೆ ಮುಖ ಒಡ್ಡಿ ಹುಳಿ ಸಾಲದು ಅನ್ನುತ್ತಿದ್ದಳು. ಅದೇ ಸಂಸ್ಕಾರದಲ್ಲಿ ಬೆಳೆದ ಮಕ್ಕಳು ನನ್ನಲ್ಲಿಗೆ ಬಂದಾಗ ಬಟ್ಟಲಿಗೆ ಚಮಚ ಹಾಕಲು ಅಂಜುತ್ತಾರೆ. “ಬೇರೆ ಬೇರೆ ಚಮಚದಲ್ಲಿ ರುಚಿ ನೋಡಿ, ನೋಡದಿದ್ದರೆ ಬೈಯುತ್ತೇನೆ” ಅಂತ ಗದರಬೇಕಾಗುತ್ತದೆ.

ಆನ್ರಿ ಆ ಮೇಳದಲ್ಲಿ ಹಿಡಿದದ್ದು ಇದನ್ನೇ ಅಂತ ನನ್ನ ಲೆಕ್ಕ. ಇಚಿಗೊಳ ತಲೆಯಲ್ಲಿ ಅಜ್ಜಿಯ ಟಾರ್ಟ್ ಒಂದು ಅಳತೆಗೋಲಿನಂತೆ ಕೂತಿದೆ. ತಾನು ಮಾಡಿದ್ದು ಎಷ್ಟು ಕೆಟ್ಟಿದೆ ಅನ್ನುವುದು ಅವಳಿಗೆ ಬೇರೆಯವರು ಹೇಳದೆಯೂ ತಿಳಿಯುತ್ತದೆ. ಕೈ ಚುರುಕಿದ್ದು ನಾಲಿಗೆ ಮಂದವಾದವರು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತಾರೆ. ಅವರಿಗೆ ತಮ್ಮ ಕೇಕು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಅಂಥವರ ಕೇಕುಗಳನ್ನು ಮದುವೆ ರಿಸೆಪ್ಶನ್ನುಗಳಲ್ಲಿ ನೀವೂ ತಿಂದಿರುತ್ತೀರಿ. ನೋಡಲು ಅರಮನೆ, ತಿಂದರೆ ಡಾಲ್ಡಾ.

ಹಾಗಂತ ಅಮ್ಮಂದಿರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ನಾಲಿಗೆ ಇದ್ದು ಕೈ ಪಳಗಿಸದವರು ಬರೀ ಟೀಕೆ ಮಾಡಿಕೊಂಡು ಉಳಿಯುತ್ತಾರೆ. ಇಚಿಗೊಗೂ ಮುಂದಿನ ಕಂತುಗಳ ತುಂಬ ಕೈ ಪಳಗಿಸುವುದೇ ಕೆಲಸ. ಕಶಿನೊ ಬೈಯುತ್ತಾನೆ, ಅವಳು ಮತ್ತೆ ಕಲಸುತ್ತಾಳೆ.

ನಮ್ಮ ಈರುಳ್ಳಿ ಹುಡುಗಿ ಮೊನ್ನೆ ಮಿಲ್ ಕ್ರೇಪ್ ಮಾಡಿದಳು, ಕ್ರೇಪುಗಳ ನಡುವೆ ಕ್ರೀಮು ಹಚ್ಚಿ ಪೇರಿಸುವ ಕೇಕು. ಮಿಲ್ ಅಂದರೆ ಫ್ರೆಂಚಿನಲ್ಲಿ ಸಾವಿರ. ಇವಳದು 18 ಪದರ. ಏಳನೆಯದು ಹರಿದಿತ್ತು, ಕ್ರೀಮು ದಪ್ಪಗೆ ಹಚ್ಚಿ ಮುಚ್ಚಿದ್ದಳು. ನನ್ನ ಫ್ರಿಜ್ಜಿನ ಕಡೆ ಹೋಗಲೇ ಇಲ್ಲ. ಬೆಣ್ಣೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮನೆಯಿಂದಲೇ ತಂದಿದ್ದಳು.